ಕತ್ತರಿ ಹಾಕಿದರೆ ತಿಂಡಿ ಸಿದ್ಧ: ಓದುಗರ ಪ್ರಶ್ನೆಗೆ ಅಡುಗೆಮನೆ ಉತ್ತರ

ಪ್ರಶ್ನೆ: ಅಮ್ಮಾ, ನಮ್ಮ ಸೊಸೆ ವಾರದಲ್ಲಿ ಮೂರು ದಿನ ಪ್ಯಾಕೆಟ್ ಒಡೆದೇ ತಿಂಡಿ ಮಾಡುತ್ತಾಳೆ. ರವೆ ಇಡ್ಲಿ ಮಿಕ್ಸು, ಉಪ್ಪಿಟ್ಟಿನ ಮಿಕ್ಸು, ಪುಳಿಯೋಗರೆ ಮಿಕ್ಸು. ನಿಮ್ಮ ಕಾಲದಲ್ಲಿ ಇದೆಲ್ಲ ಇತ್ತಾ? (ಓದುಗರು, ಹಾಸನ)

ಉತ್ತರ: ಇತ್ತು ಕಣಮ್ಮಾ. ನನ್ನ ಕಾಲ ಅಂದರೆ ಒನಕೆ ಕಾಲ ಅಂದುಕೊಂಡಿರಾ? ನಾನು ಚಾಮರಾಜಪೇಟೆಯಲ್ಲಿ ಹೈಸ್ಕೂಲು ಓದುತ್ತಿದ್ದಾಗಲೇ ಎಂಟಿಆರ್ ಮಿಕ್ಸು ನಮ್ಮ ಮನೆಯ ಹೊಸ್ತಿಲು ದಾಟಿತ್ತು. ಅದು ತುರ್ತು ಪರಿಸ್ಥಿತಿಯ ಸಮಯ. ಹೋಟೆಲ್ ತಿಂಡಿಗೆಲ್ಲ ಸರ್ಕಾರ ಕಡಿಮೆ ದರ ಗೊತ್ತುಮಾಡಿತು. ಆ ದರಕ್ಕೆ ಅದೇ ತುಪ್ಪ, ಅದೇ ಗೋಡಂಬಿ ಹಾಕಿ ಕೊಡಲಾಗದೆ ಲಾಲ್‌ಬಾಗ್ ರಸ್ತೆಯ ಮಾವಳ್ಳಿ ಟಿಫಿನ್ ರೂಮ್ಸ್, ಅದೇ ಎಂಟಿಆರ್ ಹೋಟೆಲು, ಬಾಗಿಲು ಹಾಕಿತು. 1924ರಿಂದ ಕಾಫಿ ತಿಂಡಿ ಕೊಡುತ್ತಿದ್ದ ಮಯ್ಯರ ಮನೆತನ ಆಗ ಪುಡಿ, ಮಿಕ್ಸುಗಳನ್ನು ಮಾರಲು ಹೊರಟಿತು. ಹೋಟೆಲು ಮುಂದೆ ಮತ್ತೆ ತೆರೆಯಿತು, ಅದು ಬೇರೆ ಮಾತು. ಮಿಕ್ಸು ಮಾತ್ರ ಮನೆಮನೆಯಲ್ಲಿ ನಿಂತುಬಿಟ್ಟಿತು.

ನಮ್ಮಪ್ಪ ಮೊದಲ ಸಲ ರವೆ ಇಡ್ಲಿ ಮಿಕ್ಸು ತಂದಾಗ ಮನೆಯಲ್ಲಿ ಎದ್ದ ಪ್ರಶ್ನೆ ರುಚಿಯದ್ದಲ್ಲ, ಮಡಿಯದ್ದು. ನಮ್ಮಜ್ಜಿ ಹೊರಗಿನವರು ಕಲಸಿದ್ದನ್ನು ಮುಟ್ಟುತ್ತಿರಲಿಲ್ಲ. ಪ್ಯಾಕೆಟ್ಟನ್ನು ಕಿಟಕಿಯ ಬೆಳಕಿಗೆ ಹಿಡಿದು, ಅಲ್ಲಾಡಿಸಿ, ಸಾಸಿವೆ ಎಲ್ಲಿದೆ, ಕರಿಬೇವು ಎಲ್ಲಿದೆ ಅಂತ ನೋಡಿದರು. ಆಮೇಲೆ ತೀರ್ಪು ಬಂತು: "ನೀರು ಸೋಕಿಲ್ಲ ತಾನೇ? ಹಾಗಾದರೆ ಮುಸುರೆ ಅಲ್ಲ. ಒಳಗೆ ತಗೊಂಡು ಬಾ." ಒಗ್ಗರಣೆಗೆ ಎಣ್ಣೆ ಸೋಕಿದೆಯಲ್ಲ ಅಂತ ಅತ್ತೆ ಕೇಳಿದ್ದಕ್ಕೆ, "ಎಣ್ಣೆಗೆ ದೋಷ ಇಲ್ಲ ಕಣೇ" ಅಂದರು. ಶಾಸ್ತ್ರದಲ್ಲಿ ಇದು ಎಲ್ಲಿದೆಯೋ, ಅಜ್ಜಿಗೇ ಗೊತ್ತು. ಮೊಸರಲ್ಲಿ ಕಲಸಿದ ಹಿಟ್ಟು ಉಬ್ಬುವುದನ್ನು ನೋಡಲು ನಾವು ಮಕ್ಕಳೆಲ್ಲ ಪಾತ್ರೆಯ ಸುತ್ತ ನಿಂತಿದ್ದೆವು. ಮೊಸರಿನ ಹುಳಿಗೆ ಸೋಡಾ ಸೇರಿದಾಗ ಏಳುವ ಗುಳ್ಳೆ ಅದು. ಹುಳಿ ಕಡಿಮೆಯಿದ್ದರೆ ಇಡ್ಲಿ ಬಿಲ್ಲೆಯಾಗುತ್ತದೆ, ನಿಮ್ಮ ಸೊಸೆಗೂ ಹೇಳಿ.

ಈಗ ಸೊಸೆಯ ವಿಚಾರ. ನಮ್ಮಮ್ಮ ಇಡ್ಲಿಯ ಹಿಂದಿನ ಸಂಜೆ ಒರಳಿನ ಮುಂದೆ ಒಂದು ಕಾಲು ಮಡಚಿ ಕೂತರೆ ಏಳುವಾಗ ಗೋಡೆ ಹಿಡಿಯಬೇಕಾಗುತ್ತಿತ್ತು. ಬಲಗೈಯಲ್ಲಿ ಗುಂಡು ತಿರುಗಿಸುತ್ತಾ ಎಡಗೈಯಲ್ಲಿ ಉದ್ದಿನಬೇಳೆ ತಳ್ಳುವುದು. ಗುಂಡಿಗೆ ಬೆರಳು ಸಿಗದ ಹಾಗೆ ಕೈ ಎಳೆದುಕೊಳ್ಳುವ ಒಂದು ಲಯ ಇತ್ತು. ಹಾಗೆ ಹತ್ತು ಜನಕ್ಕೆ ರುಬ್ಬಿದವಳು ಪ್ಯಾಕೆಟ್ಟನ್ನು ಒಂದು ದಿನವೂ ಬೈಯಲಿಲ್ಲ. ಬೈದವರು ನಮ್ಮ ದೊಡ್ಡಪ್ಪ. ಅವರು ಒರಳನ್ನು ನೋಡಿದ್ದು ಕಾಲು ಎಡವಿದಾಗ ಮಾತ್ರ. ಪ್ಯಾಕೆಟ್ ಅಡುಗೆಯ ಮೇಲೆ ಯಾರಾದರೂ ಭಾಷಣ ಬಿಗಿದರೆ ನಾನು ಇವತ್ತಿಗೂ ಮೊದಲು ಅವರ ಕೈ ನೋಡುತ್ತೇನೆ.

ಆದರೆ ಉಪ್ಪಿಟ್ಟಿನ ಮಿಕ್ಸಿಗೆ ನನ್ನ ಓಟಿಲ್ಲ. ಉಪ್ಪಿಟ್ಟು ಅನ್ನುವುದೇ ಅವಸರದ ತಿಂಡಿ. ರವೆ ಹುರಿಯುವ ಐದು ನಿಮಿಷಕ್ಕೂ ದುಡ್ಡು ಕೊಡುವುದಾ? ಪುಳಿಯೋಗರೆಯದು ಬೇರೆ. ಆ ಗೊಜ್ಜು ಮೊದಲಿಂದಲೂ ಪಿಂಗಾಣಿ ಜಾಡಿಯಲ್ಲಿ ಕಾದು ಕೂತಿರುತ್ತಿದ್ದ ಪದಾರ್ಥವೇ. ಈಗ ಜಾಡಿ ಹೋಗಿ ಪ್ಯಾಕೆಟ್ ಬಂದಿದೆ, ಅಷ್ಟೆ.

ಪ್ರಶ್ನೆ: ಮಿಕ್ಸಿನ ಜಾಮೂನು ಒಮ್ಮೊಮ್ಮೆ ಬಿರಿಯುತ್ತದೆ, ಒಮ್ಮೊಮ್ಮೆ ಒಳಗೆ ಗಂಟು. ಏನು ಮಾಡಲಿ? (ಓದುಗರು, ತುಮಕೂರು)

ಉತ್ತರ: ಚಪಾತಿ ಹಿಟ್ಟಿನ ಹಾಗೆ ನಾದುತ್ತಿದ್ದೀರಿ. ಅದರಲ್ಲಿ ಇರುವುದು ಹಾಲಿನ ಪುಡಿ, ಮೈದಾ, ಚೂರು ಸೋಡಾ. ನಾದಿದಷ್ಟೂ ಮೈದಾ ಜಿಗುಟಾಗಿ ಉಂಡೆ ಗಟ್ಟಿಯಾಗುತ್ತದೆ. ಬೆರಳ ತುದಿಯಲ್ಲಿ ಕೂಡಿಸಿ, ಐದು ನಿಮಿಷ ಮುಚ್ಚಿಡಿ, ಅಂಗೈಗೆ ತುಪ್ಪ ಸವರಿ ಗೆರೆಯಿಲ್ಲದ ಹಾಗೆ ಉಂಡೆ ಕಟ್ಟಿ. ಗೆರೆಯಿದ್ದ ಕಡೆಯೇ ಬಿರಿಯುವುದು. ಎಣ್ಣೆಗೆ ಒಂದು ಚೂರು ಹಿಟ್ಟು ಹಾಕಿ ನೋಡಿ. ಅದು ತಳದಲ್ಲಿ ಯೋಚನೆ ಮಾಡಿ ನಿಧಾನ ಮೇಲೆ ಬರಬೇಕು. ಹಾಕಿದ ಕೂಡಲೇ ಚಿಮ್ಮಿ ಬಂದರೆ ಎಣ್ಣೆ ಜಾಸ್ತಿ ಕಾದಿದೆ, ಹೊರಗೆ ಕಪ್ಪು, ಒಳಗೆ ಹಸಿ. ಪಾಕಕ್ಕೆ ಎಳೆ ಬೇಡ, ಬೆರಳಿಗೆ ಅಂಟಿದರೆ ಸಾಕು. ನಮ್ಮ ಮನೆಯಲ್ಲಿ ಜಾಮೂನಿನ ಖಾಲಿ ಡಬ್ಬದಲ್ಲಿ ಅಮ್ಮ ರವಿಕೆ ಗುಂಡಿ, ಕೊಕ್ಕೆ ಇಡುತ್ತಿದ್ದಳು. ಬಣ್ಣದ ಚಿತ್ರ ನೋಡಿ ತಮ್ಮ ಪ್ರತಿ ಸಲ ತೆರೆದು ಮೋಸ ಹೋಗುತ್ತಿದ್ದ.

ಪ್ರಶ್ನೆ: ಬಿಸಿಬ್ಯಾಳಿ ಬಾತಿನ ಪಾಕೀಟು ಫ್ರಿಜ್ಜಿನಾಗ ಇಡದನs ತಿಂಗಳಾನುಗಟ್ಟಲೆ ಕೆಡೂದಿಲ್ಲಂತ. ಏನರ ಔಷಧ ಹಾಕಿರತಾರೇನ್ರಿ? (ಓದುಗರು, ಧಾರವಾಡ)

ಉತ್ತರ: ಇಲ್ಲ ಸ್ವಾಮಿ, ಅದು ಶಾಖದ ಕೆಲಸ. ಸೈನಿಕರ ಊಟಕ್ಕೆಂದೇ 1961ರಲ್ಲಿ ಮೈಸೂರಿನಲ್ಲಿ ಶುರುವಾದ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯದಲ್ಲಿ ಈ ವಿದ್ಯೆ ನಮ್ಮ ಅಡುಗೆಗೆ ಒಗ್ಗಿತು. ಗಡಿಯ ಹಿಮದಲ್ಲಿ ಕೂತವನಿಗೆ ಬೇಳೆ ಬೇಯಿಸಿಕೋ ಅನ್ನಲಾಗುತ್ತದೆಯೇ? ಆಮೇಲೆ ಖಾಸಗಿ ಕಂಪನಿಗಳೂ ಅಲ್ಲಿಂದ ಕಲಿತವು. ಪ್ಲಾಸ್ಟಿಕ್ ಪದರಗಳ ನಡುವೆ ಅಲ್ಯುಮಿನಿಯಂ ಹಾಳೆ ಇರುವ ಚೀಲಕ್ಕೆ ಊಟ ತುಂಬಿ, ಬಾಯಿ ಬೆಸೆದು, ಆಮೇಲೆ ಒತ್ತಡದಲ್ಲಿ ಸುಮಾರು 121 ಡಿಗ್ರಿ ಶಾಖಕ್ಕೆ ಒಡ್ಡುತ್ತಾರೆ. ನಿಮ್ಮ ಮನೆಯ ಕುಕ್ಕರೂ ಹೆಚ್ಚುಕಡಿಮೆ ಅಷ್ಟೇ ಕಾಯುತ್ತದೆ. ವ್ಯತ್ಯಾಸ ಇಷ್ಟೇ: ನೀವು ಮುಚ್ಚಳ ತೆಗೆದ ಗಳಿಗೆಗೆ ಗಾಳಿಯ ಜತೆ ಸೂಕ್ಷ್ಮಜೀವಿಯೂ ಒಳಗೆ ಬರುತ್ತದೆ, ಚೀಲದೊಳಕ್ಕೆ ಬರುವುದಿಲ್ಲ. ಚೀಲ ಉಬ್ಬಿದ್ದರೆ ತೆರೆಯದೆ ಎಸೆಯಿರಿ. ಕತ್ತರಿಸಿದ ಮೇಲೆ ಅದೂ ಮನೆಯ ಸಾರಿನಂತೆಯೇ ಕೆಡುತ್ತದೆ.

ರುಚಿ ಕೇಳಿದರೆ, ಅಷ್ಟು ಶಾಖ ತಿಂದ ಹುರುಳಿಕಾಯಿಗೂ ಕ್ಯಾರೆಟ್ಟಿಗೂ ನಾಲಗೆಯ ಮೇಲೆ ಭೇದ ಉಳಿದಿರುವುದಿಲ್ಲ. ತುಪ್ಪದಲ್ಲಿ ಗೋಡಂಬಿ, ಕರಿಬೇವು ಹುರಿದು ಮೇಲೆ ಸುರಿಯಿರಿ, ಪಕ್ಕಕ್ಕೆ ಖಾರಾಬೂಂದಿ ಇರಲಿ. ಉಪ್ಪು ಮಾತ್ರ ಹಾಕಬೇಡಿ. ಬಿಪಿ ಇದ್ದರೆ ಚೀಲದ ಹಿಂದೆ ಸೋಡಿಯಂ ಎಷ್ಟೆಂದು ಓದಿ. ದಿನಕ್ಕೆ 2,000 ಮಿಲಿಗ್ರಾಂ ದಾಟಬಾರದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಪ್ರಶ್ನೆ: ಮ್ಯಾಗಿ ನಿಜವಾಗಿ ಎರಡೇ ನಿಮಿಷದಲ್ಲಿ ಆಗುತ್ತದೆಯೇ? (ಓದುಗರು, ಉಡುಪಿ)

ಉತ್ತರ: 1983ರಿಂದ ಹಾಗೇ ಹೇಳುತ್ತಿದ್ದಾರೆ. ನೀರು ಕುದಿಯುವ ಹೊತ್ತನ್ನು ಬಿಟ್ಟು ಲೆಕ್ಕ ಹಾಕಿದರೆ ಆಗಬಹುದು. ಆ ಲೆಕ್ಕದಲ್ಲಿ ನನ್ನ ಚಿತ್ರಾನ್ನವೂ ಎರಡೇ ನಿಮಿಷ, ಅನ್ನ ಆಗಿದ್ದರೆ.

ಪ್ರಶ್ನೆ: ಇಲ್ಲಿ ಮಕ್ಕಳಿಗೆ ಡಬ್ಬದ ಮ್ಯಾಕರೋನಿ ಚೀಸ್ ಅಂದರೆ ಪ್ರಾಣ. ಊರಿಂದ ಬಂದಿರುವ ಅತ್ತೆ ಆ ಹಳದಿ ಪುಡಿ ನೋಡಿ ಮುಖ ತಿರುಗಿಸುತ್ತಾರೆ. (ಓದುಗರು, ಡಲ್ಲಾಸ್)

ಉತ್ತರ: ಅತ್ತೆಗೆ ರವೆ ಇಡ್ಲಿ ಇಷ್ಟವೇ ಕೇಳಿ ನೋಡಿ. ಕ್ರಾಫ್ಟ್ ಕಂಪನಿ ಆ ಡಬ್ಬ ತಂದದ್ದು 1937ರಲ್ಲಿ, ಆರ್ಥಿಕ ಕುಸಿತದ ಕಾಲ. 19 ಸೆಂಟಿಗೆ ನಾಲ್ವರ ಊಟ. ಎರಡನೇ ಮಹಾಯುದ್ಧದಲ್ಲಿ ಅಲ್ಲಿ ಮಾಂಸ, ಬೆಣ್ಣೆಗೆಲ್ಲ ರೇಷನ್ ಬಂದಾಗ ಒಂದು ಕೂಪನ್ನಿಗೆ ಎರಡು ಡಬ್ಬ ಸಿಗುತ್ತಿದ್ದವು, ಹಾಗಾಗಿ ಮನೆಮನೆಗೂ ಹೊಕ್ಕಿತು. ಅದೇ ಯುದ್ಧದಲ್ಲಿ ಇಲ್ಲಿ ಅಕ್ಕಿ ಸಿಗದಾದಾಗ ರವೆಯಲ್ಲಿ ಇಡ್ಲಿ ಮಾಡಿ ನೋಡಿದವರು ತಾವು ಅನ್ನುತ್ತಾರೆ ಎಂಟಿಆರ್‌ನವರು. ಎರಡೂ ಅಭಾವದ ಅಡುಗೆಗಳೇ, ಒಂದಕ್ಕೆ ನಮ್ಮ ಅಜ್ಜಿಯರ ಮುದ್ರೆ ಬಿದ್ದಿದೆ. ಮಕ್ಕಳಿಗೆ ಇದ್ದ ಹಾಗೇ ಕೊಡಿ, ಅದರಲ್ಲಿ ಕೊತ್ತಂಬರಿ ಕಂಡರೆ ಅವು ಎದ್ದುಹೋಗುತ್ತವೆ. ಅತ್ತೆಯ ಪಾಲಿಗೆ ಮಾತ್ರ ಸಾಸಿವೆ, ಇಂಗು, ಹಸಿಮೆಣಸಿನಕಾಯಿ ಒಗ್ಗರಣೆ ಕೊಟ್ಟು, ಏನೆಂದು ಹೇಳದೆ ಬಡಿಸಿ.

ಪ್ರಶ್ನೆ: ನೆಂಟರಿಗೆ ಪ್ಯಾಕೆಟ್ ಊಟ ಹಾಕಿ ಮನೆಯಲ್ಲೇ ಮಾಡಿದ್ದು ಅಂದರೆ ತಪ್ಪಾ? (ಓದುಗರು, ಮಂಡ್ಯ)

ಉತ್ತರ: ಅವರಾಗಿ ಕೇಳುವ ತನಕ ಏನೂ ಅನ್ನಬೇಡಿ. ಖಾಲಿ ಡಬ್ಬ ಕಸದ ಬುಟ್ಟಿಯ ತಳಕ್ಕೆ ಹೋಗಲಿ. ಕೈ ತೊಳೆಯುವ ನೆಪದಲ್ಲಿ ಯಾರಾದರೂ ಒಬ್ಬ ಅತ್ತಿಗೆ ಒಳಗೆ ಬಂದೇ ಬರುತ್ತಾಳೆ.