ಸತ್ತ ಮಂಗ, ಉದುರುವ ಉಣುಗು

ಪ್ರಶ್ನೆ: ಡಾಕ್ಟ್ರೇ, ನಮ್ಮ ಅಡಿಕೆ ತೋಟದ ಹಿಂದೆ ಮಂಗವೊಂದು ಸತ್ತಿದೆ. ಮಂಗನ ಕಾಯಿಲೆ ಬಂದವರನ್ನು ಮುಟ್ಟಿದರೂ ಹರಡುತ್ತದಾ? (ಓದುಗರು, ಸಾಗರ)

ಉತ್ತರ: ಇಲ್ಲ, ಸುಮ್ನೆ ಹೆದರಬೇಡಿ. ಅದನ್ನು ಹರಡುವುದು ಉಣುಗು, ಅಂದರೆ ರಕ್ತ ಹೀರುವ ಉಣ್ಣೆ ಹುಳ. ಮಂಗ ಸತ್ತಾಗ ಅದರ ಮೈಮೇಲಿನ ಉಣುಗುಗಳು ಕೆಳಗೆ ಉದುರುತ್ತವೆ. ಆ ಜಾಗದಲ್ಲೇ ಅಪಾಯ ಜಾಸ್ತಿ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲೂ ಈ ಕಾಯಿಲೆಯ ಸುಳಿವು ಕೊಟ್ಟಿದ್ದು ಮಂಗಗಳ ಸಾವೇ. ಮೊದಲು ಅದನ್ನು ಹಳದಿ ಜ್ವರವೇನೋ ಅಂದುಕೊಂಡಿದ್ದರು! ನಮ್ಮಜ್ಜಿ ಕೊಟ್ಟಿಗೆಗೆ ದರಗು (ಉದುರಿದ ಒಣ ಎಲೆ) ತರಲು ಬರಿಗಾಲಲ್ಲೇ ಕಾಡಿಗೆ ಹೋಗುತ್ತಿದ್ದರು. ಈಗ ನೆನೆದರೆ ಮೈ ಜುಮ್ಮೆನ್ನುತ್ತದೆ. ಡಿಸೆಂಬರಿನಿಂದ ಮೇವರೆಗೆ ದರಗಿನ ಸಹವಾಸ ಬೇಡ. ಹೋಗಲೇಬೇಕಾದರೆ ಉಣುಗು ಕಚ್ಚದಂತೆ ತಡೆಯುವ ಡೆಪಾ ಎಣ್ಣೆ ಹಚ್ಚಿಕೊಳ್ಳಿ, ಬಂದ ಕೂಡಲೇ ಬಿಸಿನೀರಲ್ಲಿ ಸ್ನಾನ ಮಾಡಿ. ಮಂಗವನ್ನು ಮುಟ್ಟದೆ ಇವತ್ತೇ ಆರೋಗ್ಯ ಕೇಂದ್ರಕ್ಕೆ ತಿಳಿಸಿ.