ಗಪ್ಪಿಯ ಹೊಟ್ಟೆ ಉಬ್ಬಿದೆ: ಬಸುರಿಯೋ, ಕಾಯಿಲೆಯೋ?

ಮುಂಬೈಯ ಘಾಟ್‌ಕೋಪರ್‌ನಿಂದ ನೀವು ಕೇಳಿರುವುದು ಇಷ್ಟು. ತಿಂಗಳ ಹಿಂದೆ ಹೊಸ ಟ್ಯಾಂಕಿಗೆ ತಂದ ನಾಲ್ಕು ಗಪ್ಪಿ ಮೀನುಗಳಲ್ಲಿ ಒಂದು ಹೆಣ್ಣಿನ ಹೊಟ್ಟೆ ಉಬ್ಬಿದೆ. ಎರಡು ದಿನದಿಂದ ಫಿಲ್ಟರ್ ಹಿಂದೆ ಮೂಲೆ ಹಿಡಿದಿದೆ, ಹಾಕಿದ್ದು ತಿನ್ನುತ್ತಿಲ್ಲ. ಹಿಂದೆ ಬಿಳಿ ದಾರದಂಥದ್ದು ನೇತಾಡುತ್ತಿದೆ. ಮಗಳು ಬಸುರಿ ಅನ್ನುತ್ತಾಳೆ, ಅಂಗಡಿಯವನು ನೀಲಿ ಔಷಧಿ ಹಾಕಿ ಅನ್ನುತ್ತಾನೆ. ಯಾರ ಮಾತು ಕೇಳಬೇಕು?

ಮಗಳ ಮಾತು ಸರಿ ಇರುವ ಸಾಧ್ಯತೆಯೇ ಜಾಸ್ತಿ. ಗಂಡಿನ ಜೊತೆ ಒಂದೇ ಟ್ಯಾಂಕಿನಲ್ಲಿರುವ ಬೆಳೆದ ಹೆಣ್ಣು ಗಪ್ಪಿ ಬಸುರಿಯಾಗಿರದ ದಿನಗಳೇ ಕಡಿಮೆ. ಕ್ರಾಫರ್ಡ್ ಮಾರ್ಕೆಟ್‌ನಲ್ಲಿ ಯಾವ ಹೆಣ್ಣನ್ನು ತೋರಿಸಿದರೂ ಅಂಗಡಿಯವನು ‘ಪೇಟ್ ಸೇ ಹೈ’, ಅಂದರೆ ಬಸುರಿ, ಅನ್ನುತ್ತಾನೆ. ವ್ಯಾಪಾರದ ಮಾತು ಅನ್ನಿಸಿದರೂ ಸಾಮಾನ್ಯವಾಗಿ ಅದು ನಿಜವೇ. ಒಂದು ಸಲ ಗಂಡಿನ ಜೊತೆ ಕೂಡಿದರೆ ಹೆಣ್ಣು ಗಪ್ಪಿ ಆ ವೀರ್ಯವನ್ನು ತಿಂಗಳುಗಟ್ಟಲೆ ಒಳಗೇ ಇಟ್ಟುಕೊಂಡಿರುತ್ತದೆ. ಗಂಡೇ ಇಲ್ಲದ ಟ್ಯಾಂಕಿನಲ್ಲೂ ಒಂದರ ಹಿಂದೆ ಒಂದು ಸಲ ಮರಿ ಹಾಕುತ್ತದೆ. ಈ ಮೀನನ್ನು 1908ರಲ್ಲಿ ನಮ್ಮ ದೇಶಕ್ಕೆ ತಂದದ್ದು ಸೊಳ್ಳೆಯ ಮರಿಹುಳುಗಳನ್ನು ತಿನ್ನಲಿ ಅಂತ. ಮುಂಬೈ ಪಾಲಿಕೆಯವರು ಇವತ್ತಿಗೂ ಬಾವಿ, ಕಾರಂಜಿಗಳಿಗೆ ಗಪ್ಪಿ ಬಿಡುತ್ತಾರೆ. ಬಸುರಿ ಹೆಣ್ಣು ಒಂದೇ ಒಂದು ಒಳಗೆ ಹೋದರೂ ಕೆಲವು ತಿಂಗಳಲ್ಲಿ ಬಾವಿ ತುಂಬುತ್ತದೆ.

ಹಾಗಾಗಿ ‘ಬಸುರಿಯೋ ಕಾಯಿಲೆಯೋ’ ಅಂತ ಎರಡರಲ್ಲಿ ಒಂದನ್ನು ಆರಿಸಲು ಹೋಗಬೇಡಿ. ಬಸುರಿ ಮೀನಿಗೂ ಕಾಯಿಲೆ ಬರುತ್ತದೆ ಅಲ್ವಾ? ಬಸುರಿ ಮಾತ್ರ ಆಗಿದ್ದರೆ ನೀವು ಮಾಡಬೇಕಾದ್ದು ಏನೂ ಇಲ್ಲ, ಅದರ ಪಾಡಿಗೆ ಬಿಟ್ಟರೆ ಸಾಕು. ಕಾಯಿಲೆ ಇದ್ದರೆ ಮಾತ್ರ ಕೈ ಹಾಕಬೇಕು. ಆದ್ದರಿಂದ ಬಸುರಿ ಅಂತ ನಂಬಿಕೊಂಡೇ ಕಾಯಿಲೆಯ ಗುರುತು ಹುಡುಕಿ. ಮುಲುಂಡ್‌ನ ನಮ್ಮ ಮನೆಯಲ್ಲಿ ಬಹಳ ವರ್ಷದಿಂದ ಗಪ್ಪಿಗಳಿವೆ. ಯಾವ ಹೆಣ್ಣಿನ ಹೊಟ್ಟೆ ಉಬ್ಬಿದರೂ ನಾನು ಮಾಡುವುದು ಇದನ್ನೇ.

ನೀವು ಹಾಕಿರುವ ಫೋಟೋ ಗಾಜಿನ ಪಕ್ಕದಿಂದ ತೆಗೆದದ್ದು. ಎಲ್ಲರೂ ಹಾಗೇ ತೆಗೆಯುತ್ತಾರೆ. ಆದರೆ ಕಾಯಿಲೆ ಕಾಣುವುದು ಮೇಲಿನಿಂದ. ಟ್ಯಾಂಕಿನ ಮುಚ್ಚಳ ತೆಗೆದು, ಮೊಬೈಲ್ ಟಾರ್ಚ್ ಹಾಕಿ, ಮೀನಿನ ಬೆನ್ನಿನ ಮೇಲಿನಿಂದ ನೋಡಿ. ಬರೀ ಬಸುರಿಯಾಗಿದ್ದರೆ ಎರಡೂ ಪಕ್ಕ ಒಂದೇ ಸಮ ಅಗಲವಾಗಿರುತ್ತದೆ, ಹುರುಪೆಗಳು ಮೈಗೆ ಅಂಟಿಕೊಂಡು ನುಣ್ಣಗೆ ಹೊಳೆಯುತ್ತವೆ. ಹುರುಪೆಗಳ ತುದಿ ಎದ್ದು, ಮೈ ಅನಾನಸಿನ ಸಿಪ್ಪೆಯ ಹಾಗೆ ಕಂಡರೆ ಅದು ಡ್ರಾಪ್ಸಿ, ಅಂದರೆ ಮೈಯಲ್ಲಿ ನೀರು ತುಂಬಿಕೊಳ್ಳುವುದು. ಜೊತೆಗೆ ಕಣ್ಣೂ ಹೊರಗೆ ಬಂದಿರಬಹುದು. ಒಂದೇ ಪಕ್ಕ ಗಂಟಾಗಿದ್ದರೆ ಗಡ್ಡೆ ಇರಬಹುದು. ವಯಸ್ಸಾದ ಹೆಣ್ಣುಗಳಲ್ಲಿ ಇದನ್ನು ನೋಡಿದ್ದೇನೆ. ಅದಕ್ಕೆ ನಾವು ಮಾಡುವಂಥದ್ದು ಏನೂ ಇಲ್ಲ.

ಇನ್ನು ಪಕ್ಕದಿಂದ ನೋಡುವಾಗ ಗಮನಿಸಬೇಕಾದ್ದು ಹೊಟ್ಟೆಯ ಗಾತ್ರಕ್ಕಿಂತ ಅದರ ಆಕಾರವನ್ನು. ಮರಿಯ ಭಾರ ಕೆಳಗೆ ಮತ್ತು ಮುಂದಕ್ಕೆ ಇರುತ್ತದೆ. ಹೆರಿಗೆ ಹತ್ತಿರವಾದಾಗ ಎದೆಯ ಕೆಳಗೆ ಹೊಟ್ಟೆ ದುಂಡಗಿರದೆ ನೇರ ಕೆಳಗಿಳಿದು, ಮೂಲೆ ಬಂದ ಹಾಗೆ ಚೌಕವಾಗುತ್ತದೆ. ಜಾಸ್ತಿ ತಿಂದೋ ಮಲ ಕಟ್ಟಿಯೋ ಉಬ್ಬಿದ ಹೊಟ್ಟೆಗೆ ಈ ಮೂಲೆ ಇರುವುದಿಲ್ಲ, ಗಂಟಲಿನಿಂದ ಹಿಂದಿನವರೆಗೂ ದುಂಡಗೆ ಇರುತ್ತದೆ. ಹಿಂದಿನ ರೆಕ್ಕೆಯ ಮುಂದೆ, ಹೊಟ್ಟೆಯ ಕೊನೆಯಲ್ಲಿ ಒಂದು ಕಪ್ಪು ಮಚ್ಚೆ ಕಾಣುತ್ತದಲ್ಲ, ಅದಕ್ಕೆ ಗ್ರಾವಿಡ್ ಸ್ಪಾಟ್ ಅನ್ನುತ್ತಾರೆ. ಅದು ಬಸುರಿ ಅಲ್ಲದ ಹೆಣ್ಣಿಗೂ ತೆಳುವಾಗಿ ಇರುತ್ತದೆ. ಮಚ್ಚೆ ಇದೆ ಅಂದ ಮಾತ್ರಕ್ಕೆ ಏನೂ ತೀರ್ಮಾನವಾಗುವುದಿಲ್ಲ. ದಿನದಿಂದ ದಿನಕ್ಕೆ ಅದು ದೊಡ್ಡದಾಗಿ ಕಪ್ಪಾಗುತ್ತಿದೆಯೇ ಅನ್ನುವುದು ಮುಖ್ಯ. ನಿಮ್ಮದು ತಿಳಿ ಬಣ್ಣದ ಹೆಣ್ಣು, ಹಾಗಾಗಿ ನಿಮಗೆ ಇನ್ನೊಂದು ಅನುಕೂಲ ಇದೆ. ಕೊನೆಯ ದಿನಗಳಲ್ಲಿ ಟಾರ್ಚ್ ಬೆಳಕಿಗೆ ಆ ಜಾಗದಲ್ಲಿ ಸಣ್ಣ ಸಣ್ಣ ಕಪ್ಪು ಚುಕ್ಕೆಗಳು ಕಾಣಬಹುದು. ಅವು ಮರಿಗಳ ಕಣ್ಣು. ಮಾಸ್ಕೋ ಅನ್ನುವ ತಳಿಯಂಥ ಕಪ್ಪು ಗಪ್ಪಿ ಆಗಿದ್ದರೆ ಈ ಯಾವುದೂ ಕಾಣುತ್ತಿರಲಿಲ್ಲ.

ಮಗಳ ಫೋನಿನಲ್ಲಿ ಹಳೇ ಫೋಟೋಗಳು ಇದ್ದೇ ಇರುತ್ತವೆ, ತೆಗೆಸಿ ನೋಡಿ. ಹೊಟ್ಟೆ ಎಷ್ಟು ದಿನದಲ್ಲಿ ಉಬ್ಬಿತು ಅನ್ನುವುದು ಬಹಳ ಹೇಳುತ್ತದೆ. ಗಪ್ಪಿಯ ಬಸಿರು ಸುಮಾರು ನಾಲ್ಕು ವಾರ. ನೀರು ಬೆಚ್ಚಗಿದ್ದರೆ ಸ್ವಲ್ಪ ಬೇಗ, ತಣ್ಣಗಿದ್ದರೆ ತಡ. ಅಷ್ಟೂ ದಿನ ಹೊಟ್ಟೆ ನಿಧಾನಕ್ಕೆ ಬೆಳೆಯುತ್ತದೆ. ಮೊನ್ನೆ ಸಪಾಟಾಗಿದ್ದದ್ದು ಇವತ್ತು ಉಬ್ಬಿದೆ ಅಂದರೆ ಅದು ಮರಿಯಿಂದಲ್ಲ.

ಈಗ ಮೂಲೆ ಹಿಡಿದಿರುವ ವಿಷಯ. ಹೆರಿಗೆಗೆ ಮೊದಲು ಹೆಣ್ಣು ಮರೆಯ ಜಾಗ ಹುಡುಕುತ್ತದೆ, ತಿನ್ನುವುದು ಬಿಡುತ್ತದೆ, ಉಸಿರು ಜೋರಾಗುತ್ತದೆ. ಕಾಯಿಲೆಯ ಮೀನೂ ಇದನ್ನೇ ಮಾಡುತ್ತದೆ. ವ್ಯತ್ಯಾಸ ಕಾಣುವುದು ರೆಕ್ಕೆಯಲ್ಲಿ. ಹೆರಿಗೆಗೆ ಕಾದಿರುವ ಹೆಣ್ಣು ನಿಂತಲ್ಲೇ ನಿಂತರೂ ಬೆನ್ನಿನ ರೆಕ್ಕೆ, ಬಾಲ ಎರಡೂ ಬಿಡಿಸಿಕೊಂಡಿರುತ್ತವೆ. ಗಂಡು ಹತ್ತಿರ ಬಂದರೆ ತಿರುಗಿ ಓಡಿಸುತ್ತದೆ. ಹುಷಾರಿಲ್ಲದ ಮೀನು ರೆಕ್ಕೆ ಮಡಚಿ ಮೈಗೆ ಒತ್ತಿಕೊಂಡಿರುತ್ತದೆ, ಬಾಲ ಮುದುಡಿರುತ್ತದೆ, ಬಣ್ಣ ಮಾಸಿರುತ್ತದೆ. ಕೆಲವು ಇದ್ದಲ್ಲೇ ಮೈ ನಡುಗಿಸುತ್ತವೆ. ಹೆರಿಗೆಯ ಉಪವಾಸ ಒಂದು ದಿನ, ಜಾಸ್ತಿ ಅಂದರೆ ಎರಡು ದಿನ. ನಿಮ್ಮದು ಎರಡು ದಿನ ದಾಟುತ್ತಿದೆ. ನಾಳೆಯೂ ತಿನ್ನದೆ, ಮರಿಯೂ ಹಾಕದಿದ್ದರೆ ಬೇರೇನೋ ಇದೆ ಅಂತಲೇ ತಿಳಿಯಿರಿ.

ಬಿಳಿ ದಾರಕ್ಕೆ ಈಗಲೇ ಹೆದರಬೇಡಿ. ತಿನ್ನದೆ ಇರುವ ಮೀನಿನ ಕರುಳು ಖಾಲಿ, ಹಿಕ್ಕೆಯ ಬದಲು ಬರೀ ಲೋಳೆ ಬರುತ್ತದೆ. ಅದೂ ಬಿಳಿಯೇ. ಚೆನ್ನಾಗಿ ತಿನ್ನುತ್ತಿದ್ದಾಗಲೂ ಹಿಕ್ಕೆ ಬೆಳ್ಳಗೆ, ಉದ್ದಕ್ಕೆ ಬರುತ್ತಿತ್ತೇ? ಆಗ ಕರುಳಿನಲ್ಲಿ ಪರೋಪಜೀವಿ ಸೇರಿರಬಹುದು. ಅಂಥ ಮೀನುಗಳು ಸಾಮಾನ್ಯವಾಗಿ ಉಬ್ಬುವುದಿಲ್ಲ, ತಿಂದರೂ ಸೊರಗುತ್ತವೆ. ಅದಕ್ಕೆ ಮೆಟ್ರೊನಿಡಜೋಲ್ ಇರುವ ಮೀನಿನ ಔಷಧಿ ಸಿಗುತ್ತದೆ. ಹಿಂದಿನಿಂದ ಕೆಂಪು ಎಳೆಗಳು ಹೊರಗೆ ಇಣುಕಿ, ಮೀನು ಅಲುಗಾಡಿದಾಗ ಒಳಗೆ ಹೋಗುತ್ತಿದ್ದರೆ ಅವು ಕಾಮಲಾನಸ್ ಅನ್ನುವ ಹುಳುಗಳು. ಗಪ್ಪಿಗಳಲ್ಲಿ ಇದು ಅಪರೂಪವೇನಲ್ಲ. ಇದಕ್ಕೆ ಲೆವಮಿಸೋಲ್ ಬೇಕು. ಹುಳು ಒಂದರಿಂದ ಒಂದಕ್ಕೆ ಹರಡುವುದರಿಂದ ಒಂದು ಮೀನಿಗಲ್ಲ, ಇಡೀ ಟ್ಯಾಂಕಿಗೇ ಔಷಧಿ ಆಗಬೇಕು. ಪ್ರಮಾಣವನ್ನು ಪ್ರಾಣಿ ವೈದ್ಯರನ್ನು ಕೇಳಿಯೇ ಹಾಕಿ.

ಅಂಗಡಿಯವನು ಹೇಳಿದ ನೀಲಿ ಔಷಧಿ ಅಂದರೆ ಮೆಥಿಲೀನ್ ಬ್ಲೂ. ಮೈ ಮೇಲಿನ ಬೂಷ್ಟಿಗೆ, ಮೊಟ್ಟೆಗಳಿಗೆ ಅದು ಒಳ್ಳೆಯದು. ಹೊಟ್ಟೆಯೊಳಗಿನ ತೊಂದರೆಗೆ ಏನೂ ಪ್ರಯೋಜನ ಇಲ್ಲ. ಅದರ ಮೇಲೆ ಫಿಲ್ಟರ್‌ನಲ್ಲಿ ಕೂತಿರುವ ಒಳ್ಳೇ ಬ್ಯಾಕ್ಟೀರಿಯಾಗಳಿಗೂ ಕುತ್ತು. ಆಮೇಲೆ ಟ್ಯಾಂಕಿನ ಅಂಚಿನ ಸಿಲಿಕೋನ್ ನೀಲಿಯಾಗಿ ಹಾಗೇ ಉಳಿಯುತ್ತದೆ. ಏನು ಕಾಯಿಲೆ ಅಂತ ಗೊತ್ತಾಗುವ ಮೊದಲು ಸುಮ್ನೆ ಔಷಧಿ ಸುರಿಯುವುದು ನನಗಂತೂ ಸರಿ ಕಾಣುವುದಿಲ್ಲ.

ಅದಕ್ಕಿಂತ ಮೊದಲು ಉಳಿದ ಮೂರು ಮೀನುಗಳನ್ನು ನೋಡಿ. ಅವೂ ಮಂಕಾಗಿದ್ದರೆ, ನೀರಿನ ಮೇಲೆ ಬಂದು ಬಾಯಿ ಬಿಡುತ್ತಿದ್ದರೆ, ತೊಂದರೆ ಇರುವುದು ನೀರಿನಲ್ಲಿ. ನಿಮ್ಮ ಟ್ಯಾಂಕಿಗೆ ಒಂದೇ ತಿಂಗಳು. ಮೀನಿನ ಹಿಕ್ಕೆ, ಉಳಿದ ಆಹಾರ ಕೊಳೆತು ಅಮೋನಿಯಾ ಆಗುತ್ತದೆ, ಅದು ಮೀನಿಗೆ ವಿಷ. ಅದನ್ನು ತಿಂದು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ನೀವು ಈಗ ಸರಿಯಾಗಿ ಆ ಅವಧಿಯ ನಡುವೆ ಇದ್ದೀರಿ. ಟೆಸ್ಟ್ ಕಿಟ್ ತನ್ನಿ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಇರಬೇಕು. ಇಲ್ಲದಿದ್ದರೆ ಕಾಲು ಭಾಗ ನೀರು ಬದಲಿಸಿ. ಎರಡು ದಿನ ಬಿಟ್ಟು ಮತ್ತೆ ಕಾಲು ಭಾಗ. ಫಿಲ್ಟರ್‌ನ ಸ್ಪಾಂಜನ್ನು ನಲ್ಲಿ ನೀರಿನಲ್ಲಿ ತೊಳೆಯಲೇಬೇಡಿ, ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಹಿಂಡಿ.

ಮುಂಬೈ ನೀರಿನ ಬಗ್ಗೆ ಸ್ವಲ್ಪ ಹೇಳಲೇಬೇಕು. ಪಾಲಿಕೆಯ ನಲ್ಲಿಯಲ್ಲಿ ಬರುವುದು ವೈತರಣ, ತಾನಸಾ, ಭಾತಸಾ ಕಡೆಯ ಜಲಾಶಯಗಳ ಮಳೆನೀರು. ಕುಡಿಯಲು ರುಚಿ, ಬೇಳೆ ಬೇಗ ಬೇಯುತ್ತದೆ, ಆದರೆ ಮೆದು ನೀರು. ಗಪ್ಪಿಗೆ ಬೇಕಾದದ್ದು ಖನಿಜ ಇರುವ ಗಡಸು ನೀರು. ಮೆದು ನೀರಿನಲ್ಲಿ ಅವು ರೆಕ್ಕೆ ಮಡಚಿ ಮೈ ನಡುಗಿಸುವುದು ಬಹಳ ಸಲ ಕಾಯಿಲೆಯಿಂದಲ್ಲ, ಖನಿಜದ ಕೊರತೆಯಿಂದ. ಒಂದು ಹಿಡಿ ಹವಳದ ಚೂರನ್ನು ಬಟ್ಟೆಯಲ್ಲಿ ಕಟ್ಟಿ ಫಿಲ್ಟರ್ ಹತ್ತಿರ ಇಟ್ಟರೆ ನಿಧಾನಕ್ಕೆ ಸರಿಹೋಗುತ್ತದೆ. ಆರ್‌ಒ ನೀರು ಶುದ್ಧ ಅಂತ ಅದನ್ನು ತುಂಬಿಸುವವರಿದ್ದಾರೆ. ಗಪ್ಪಿಗೆ ಅದರಷ್ಟು ಕೆಟ್ಟದ್ದು ಬೇರೆ ಇಲ್ಲ. ನಿಮ್ಮ ಸೊಸೈಟಿಗೆ ಟ್ಯಾಂಕರ್ ಬರುತ್ತದೆಯೇ ಅಂತ ವಾಚ್‌ಮನ್‌ನನ್ನು ಕೇಳಿ. ಅದು ಬೋರ್‌ವೆಲ್ ನೀರಾಗಿದ್ದರೆ ಒಂದು ವಾರ ಗಡಸು, ಇನ್ನೊಂದು ವಾರ ಮೆದು ಅಂತ ಬದಲಾಗುತ್ತಲೇ ಇರುತ್ತದೆ. ಮೀನು ಸೊರಗಲು ಅಷ್ಟು ಸಾಕು. ಕ್ಲೋರಿನ್ ತೆಗೆಯುವ ಹನಿ ಹಾಕದೆ ಯಾವ ನೀರನ್ನೂ ಬಿಡಬೇಡಿ, ಮಳೆಗಾಲದಲ್ಲಂತೂ ಮರೆಯಲೇಬೇಡಿ.

ಮಲ ಕಟ್ಟಿರುವುದಾದರೆ ಸುಲಭ. ಎರಡು ದಿನ ಏನೂ ಹಾಕಬೇಡಿ. ಆಮೇಲೆ ಬೇಯಿಸಿದ ಬಟಾಣಿಯ ಸಿಪ್ಪೆ ತೆಗೆದು, ಹಿಸುಕಿ, ಸಾಸಿವೆ ಕಾಳಿನಷ್ಟು ಕೊಡಿ. ಡ್ರಾಪ್ಸಿ ಹಾಗಲ್ಲ. ಅದು ಒಂದೇ ಕಾಯಿಲೆಯೂ ಅಲ್ಲ, ಮೂತ್ರಪಿಂಡ ಕೆಲಸ ನಿಲ್ಲಿಸಿ ಮೈಯಲ್ಲಿ ನೀರು ತುಂಬಿಕೊಂಡ ಲಕ್ಷಣ. ಬೇರೆ ಪಾತ್ರೆಯಲ್ಲಿಟ್ಟು, ಇಪ್ಪತ್ತು ಲೀಟರ್ ನೀರಿಗೆ ಒಂದು ಟೀ ಚಮಚ ಎಪ್ಸಮ್ ಸಾಲ್ಟ್ ಹಾಕಿ ನೋಡಬಹುದು, ಮೆಡಿಕಲ್ ಅಂಗಡಿಯಲ್ಲಿ ಸಿಗುತ್ತದೆ. ಅಡುಗೆ ಉಪ್ಪು ಬೇಡ. ಹುರುಪೆ ಪೂರ್ತಿ ಎದ್ದ ಮೇಲೆ ಉಳಿಯುವುದು ಅಪರೂಪ, ಮಗಳಿಗೆ ಮೊದಲೇ ಹೇಳಿಟ್ಟಿರಿ. ಬೆನ್ನು ಸೊಟ್ಟಗಾಗಿ ಬಡಕಲಾಗುತ್ತಾ ಬಂದರೆ ಮೀನಿನ ಕ್ಷಯವೂ ಇರಬಹುದು. ಅದರ ಬ್ಯಾಕ್ಟೀರಿಯಾ ಕೈಯ ಗಾಯದಿಂದ ನಮಗೂ ಅಂಟುತ್ತದೆ. ಗಾಯವಿದ್ದಾಗ ಟ್ಯಾಂಕಿಗೆ ಕೈ ಹಾಕಬೇಡಿ, ನೀರು ತೆಗೆಯಲು ಪೈಪನ್ನು ಬಾಯಿಂದ ಎಳೆಯಬೇಡಿ.

ನಿಮ್ಮ ಫೋಟೋದಲ್ಲಿ ಬೆನ್ನಿನ ರೆಕ್ಕೆ ಬಿಡಿಸಿಕೊಂಡಿದೆ, ಎದೆಯ ಕೆಳಗೆ ಮೂಲೆ ಬಂದಿದೆ. ನನ್ನ ಲೆಕ್ಕದಲ್ಲಿ ಇದು ಹೆರಿಗೆಯೇ. ಮರಿ ಹಾಕುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಅದನ್ನು ಕೂಡಿಹಾಕಬೇಡಿ. ಇಕ್ಕಟ್ಟಿಗೆ ಹೆದರಿ ಹೆರಿಗೆ ತಡೆಹಿಡಿಯುವ ಹೆಣ್ಣುಗಳಿವೆ. ಜಾವಾ ಮಾಸ್ ಅನ್ನುವ ನೀರಿನ ಪಾಚಿ ಒಂದು ಮುದ್ದೆ ತಂದು ಅದು ನಿಂತ ಮೂಲೆಯಲ್ಲೇ ಬಿಡಿ, ಲೈಟ್ ಆರಿಸಿ. ಮರಿ ಒಂದೊಂದಾಗಿ ಬರುತ್ತದೆ, ಮಡಚಿಕೊಂಡೇ ಹೊರಬೀಳುತ್ತದೆ. ಕ್ಷಣಹೊತ್ತು ತಳಕ್ಕೆ ಇಳಿದು, ಮೈ ಬಿಡಿಸಿ, ಚಂಗನೆ ಮರೆಗೆ ಓಡುತ್ತದೆ. ಓಡದ ಮರಿಯನ್ನು ತಾಯಿಯೇ ತಿರುಗಿ ತಿನ್ನುತ್ತದೆ. ಮಗಳು ಪಕ್ಕದಲ್ಲಿದ್ದರೆ ಇದನ್ನೂ ಹೇಳಿಟ್ಟಿರಿ. ಒಂದು ಸಲಕ್ಕೆ ಇಪ್ಪತ್ತರಿಂದ ನಲವತ್ತು ಮರಿ ಮಾಮೂಲು, ಮೊದಲ ಹೆರಿಗೆಯಲ್ಲಿ ಕಡಿಮೆ. ಮರಿಗಳಿಗೆ ಫ್ಲೇಕ್ಸನ್ನೇ ಬೆರಳಲ್ಲಿ ಪುಡಿಮಾಡಿ ದಿನಕ್ಕೆ ಮೂರ್ನಾಲ್ಕು ಸಲ ಚಿಟಿಕೆಯಷ್ಟು ಹಾಕಿ.

ಆಮೇಲೆ ಜಾಸ್ತಿಯಾದವು ಅಂತ ಪೊವಾಯಿ ಕೆರೆಗೆ ಬಿಡಲು ಹೋಗಬೇಡಿ, ಅಲ್ಲಿನ ಮೀನುಗಳ ಮರಿಗೆ ಇವು ಕಂಟಕ. ಅಂಗಡಿಯವರು ಎಷ್ಟೋ ಸಲ ವಾಪಸ್ ತೆಗೆದುಕೊಳ್ಳುತ್ತಾರೆ. ಇವತ್ತು ರಾತ್ರಿ ಮೇಲಿನಿಂದ ಒಂದು ಫೋಟೋ ತೆಗೆದು ಇಲ್ಲೇ ಹಾಕಿ. ಅಮೋನಿಯಾ ಎಷ್ಟು ಬಂತು, ಟ್ಯಾಂಕರ್ ನೀರೋ ನಲ್ಲಿ ನೀರೋ ಅನ್ನುವುದನ್ನೂ ಬರೆಯಿರಿ, ನೋಡಿ ಹೇಳುತ್ತೇನೆ.