ಮಾತಿನ ಮೋಡಿಗಿಂತ ಉಪಕಾರವೇ ಅಪಾಯ

ಪ್ರಶ್ನೆ: ಪ್ರವಾಸಿಗರ ಸ್ನೇಹ ಬೆಳೆಸಿ, ದೋಚಿ ಕೊಲ್ಲುತ್ತಿದ್ದ ಚಾರ್ಲ್ಸ್ ಶೋಭರಾಜ್‌ನ ಬಗ್ಗೆ ಓದಿದಾಗಲೆಲ್ಲ, ವಿದ್ಯಾವಂತರು, ದೇಶ ಸುತ್ತಿದವರು ಅಂಥವನನ್ನು ಹೇಗೆ ನಂಬಿದರು ಎಂಬ ಸಂಶಯ ಕಾಡುತ್ತದೆ. ಈಗ ಕೇಳಲು ಕಾರಣವೂ ಇದೆ. ನನ್ನ ತಂಗಿಗೆ ಕೆಲವು ತಿಂಗಳಿಂದ ಪರಿಚಯವಾಗಿರುವ ಒಬ್ಬರು ಅಪ್ಪನ ಆಸ್ಪತ್ರೆ ಖರ್ಚಿನಿಂದ ಹಿಡಿದು ಎಲ್ಲದಕ್ಕೂ ನೆರವಾಗುತ್ತಿದ್ದಾರೆ. ಆದರೆ ಅವರ ಕಚೇರಿಯಾಗಲಿ, ಮನೆಯವರಾಗಲಿ ಯಾರಿಗೂ ಗೊತ್ತಿಲ್ಲ. ಕೇಳಿದರೆ ತಂಗಿ ನನ್ನ ಮೇಲೆಯೇ ಸಿಟ್ಟಾಗುತ್ತಾಳೆ. ಏನು ಮಾಡಲಿ?
– ಹೆಸರು ಬೇಡ, ಶಿವಮೊಗ್ಗ

ಉತ್ತರ: ಶೋಭರಾಜ್‌ನ ರೂಪ, ಭಾಷಾಜ್ಞಾನ, ಉಡುಗೆ ತೊಡುಗೆಗಳ ಬಗ್ಗೆ ಪತ್ರಿಕೆಗಳು ಬೇಕಾದಷ್ಟು ಬರೆದಿವೆ. ನನ್ನ ಅಭಿಪ್ರಾಯದಲ್ಲಿ ಅವು ಪರಿಚಯ ಬೆಳೆಸಲಷ್ಟೇ ಉಪಯೋಗಕ್ಕೆ ಬಂದವು. ಎದುರಿನವರಿಗೆ ತಾನೇ ಕಷ್ಟ ತಂದಿಟ್ಟು, ಆಮೇಲೆ ತಾನೇ ಆಪದ್ಬಾಂಧವನಾಗಿ ನಿಲ್ಲುವುದರಲ್ಲಿ ಅವನ ನಿಜವಾದ ಕೈಚಳಕವಿತ್ತು. 1975ರಲ್ಲಿ ಬ್ಯಾಂಕಾಕ್‌ನಲ್ಲಿ ರತ್ನದ ವ್ಯಾಪಾರಿಯೆಂದು ಹೇಳಿಕೊಂಡು ವಾಸವಾಗಿದ್ದಾಗ, ಫ್ರಾನ್ಸಿನ ಇಬ್ಬರು ಮಾಜಿ ಪೊಲೀಸರ ಪಾಸ್‌ಪೋರ್ಟ್‌ಗಳನ್ನು ತಾನೇ ಕದ್ದು, ಅವನ್ನು ಹುಡುಕಿಕೊಡಲು ತಾನೇ ಮುಂದೆ ಬಂದ. ಇನ್ನೊಬ್ಬ ಫ್ರೆಂಚ್ ಯುವಕನಿಗೆ ವಿಷ ಬೆರೆಸಿ ಕೊಟ್ಟು, ಅದನ್ನು ಆಮಶಂಕೆಯೆಂದು ನಂಬಿಸಿ, ತನ್ನ ಮನೆಯಲ್ಲೇ ಇರಿಸಿಕೊಂಡು ಆರೈಕೆ ಮಾಡಿದ. ಪರದೇಶದಲ್ಲಿ ಕಾಯಿಲೆ ಬಿದ್ದವನಿಗೆ ಗಂಜಿ ಕೊಡುವ ಕೈಯ ಮೇಲೆ ಅನುಮಾನ ಹುಟ್ಟುವುದಾದರೂ ಹೇಗೆ?

ಇದೇ ಉಪಾಯ 1976ರ ಜುಲೈನಲ್ಲಿ ದೆಹಲಿಯಲ್ಲಿ ಕೈಕೊಟ್ಟಿತು. ಪ್ರವಾಸಕ್ಕೆ ಬಂದಿದ್ದ ಫ್ರೆಂಚ್ ವಿದ್ಯಾರ್ಥಿಗಳ ತಂಡಕ್ಕೆ ಮಾರ್ಗದರ್ಶಕನಾಗಿ ಸೇರಿಕೊಂಡು, ಆಮಶಂಕೆ ಬಾರದಿರಲೆಂದು ಗುಳಿಗೆ ಹಂಚಿದ. ಅವರು ತಮ್ಮ ತಮ್ಮ ಕೋಣೆಗಳಿಗೆ ಹೋಗಿ ಮಲಗುವ ಮೊದಲೇ ಔಷಧ ಕೆಲಸ ಮಾಡಿ, ಎಲ್ಲರ ಕಣ್ಣೆದುರೇ ಒಬ್ಬೊಬ್ಬರಾಗಿ ಕುಸಿಯತೊಡಗಿದಾಗ, ಎಚ್ಚರವಿದ್ದ ಕೆಲವರು ಅವನನ್ನು ಹಿಡಿದು ಪೊಲೀಸರಿಗೆ ಒಪ್ಪಿಸಿದರು. ಆದರೆ ಅವನು ಎಂಥವನೆಂದು ತಿಳಿದ ಮಾತ್ರಕ್ಕೆ ರಕ್ಷಣೆ ಸಿಗುವುದಿಲ್ಲ. ತಿಹಾರ್ ಜೈಲಿನ ಸಿಬ್ಬಂದಿಗೆ ಅವನ ಪೂರ್ವಾಪರವೆಲ್ಲ ಗೊತ್ತಿತ್ತು. ಆದರೂ 1986ರ ಮಾರ್ಚ್‌ನಲ್ಲಿ ಹುಟ್ಟುಹಬ್ಬವೆಂದು ಅವನು ಹಂಚಿದ ಮತ್ತಿನ ಸಿಹಿ ತಿಂದು ಮಲಗಿದರು, ಅವನು ಬಾಗಿಲು ದಾಟಿ ಹೋದ. ಮುಂದಿನ ತಿಂಗಳು ಗೋವಾದಲ್ಲಿ ಮತ್ತೆ ಸಿಕ್ಕಿಬಿದ್ದ.

ವರ್ಚಸ್ಸೇ ಮುಖ್ಯವಲ್ಲ ಎನ್ನಲು ನಮ್ಮ ದಕ್ಷಿಣ ಕನ್ನಡದ ಸಯನೈಡ್ ಮೋಹನನೇ ಸಾಕು. ನೋಡಲು ಸಾಮಾನ್ಯನಾಗಿದ್ದ ಈ ಶಾಲಾ ಮೇಷ್ಟ್ರು, 2003ರಿಂದ 2009ರವರೆಗೆ 20 ಮಹಿಳೆಯರನ್ನು ಕೊಂದ ಆರೋಪ ಹೊತ್ತವನು. ಮನೆಯಲ್ಲಿ ಬಡತನ, ವರದಕ್ಷಿಣೆಯ ಹೊರೆ, ಮೀರುತ್ತಿರುವ ವಯಸ್ಸು ಎಂಬ ಚಿಂತೆಯಲ್ಲಿದ್ದ ಹೆಣ್ಣುಮಕ್ಕಳನ್ನು ಆರಿಸಿಕೊಂಡು, ಸರ್ಕಾರಿ ನೌಕರ, ವರದಕ್ಷಿಣೆ ಬೇಡ ಎಂದು ಹೇಳುತ್ತಿದ್ದ. ಶೋಭರಾಜ್ ಸೃಷ್ಟಿಸುತ್ತಿದ್ದ ಕಷ್ಟವನ್ನು ಇಲ್ಲಿ ಸಮಾಜವೇ ಸಿದ್ಧಪಡಿಸಿಟ್ಟಿತ್ತು. ಬೇರೆ ಊರಿನ ಲಾಡ್ಜಿನಲ್ಲಿ ಒಂದು ರಾತ್ರಿ ಕಳೆದು, ಬೆಳಿಗ್ಗೆ ಒಡವೆಗಳನ್ನು ಕೋಣೆಯಲ್ಲೇ ಬಿಡಿಸಿ, ಬಸ್ ನಿಲ್ದಾಣಕ್ಕೆ ಕರೆತಂದು, ಗರ್ಭ ನಿಲ್ಲದಿರಲು ಎಂದು ಸಯನೈಡ್ ಬೆರೆಸಿದ ಗುಳಿಗೆ ಕೊಟ್ಟು, ಅದನ್ನು ಶೌಚಾಲಯಕ್ಕೆ ಹೋಗಿ ನುಂಗಲು ಹೇಳುತ್ತಿದ್ದ. ಆ ಹೆಣ್ಣುಮಕ್ಕಳು ದಡ್ಡರಾಗಿದ್ದರೆಂದು ಹೇಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅವರಿಗೆ ಬೇಕಾಗಿದ್ದುದು ಒಂದು ಸಾಧಾರಣ ಸಂಸಾರ.

ಮನಃಶಾಸ್ತ್ರಜ್ಞ ರಾಬರ್ಟ್ ಹೇರ್ ಮನೋವಿಕೃತಿಯನ್ನು (ಸೈಕೋಪಥಿ, ಅಂದರೆ ಪರರ ನೋವಿಗೆ ಮರುಗದ, ಪಶ್ಚಾತ್ತಾಪವಿಲ್ಲದ ಸ್ವಭಾವ) ಅಳೆಯಲು ರೂಪಿಸಿದ 20 ಅಂಶಗಳ ಪಟ್ಟಿಯಲ್ಲಿ ಮೇಲ್ನೋಟದ ಆಕರ್ಷಣೆಯೇ ಮೊದಲನೆಯದು ಎಂಬುದು ನಿಜ. ಆದರೆ ಅದು ತರಬೇತಿ ಪಡೆದವರು ದಾಖಲೆಗಳನ್ನು ಇಟ್ಟುಕೊಂಡು ಬಳಸಬೇಕಾದ ಸಾಧನ. ಮನೆಯಲ್ಲಿ ಕುಳಿತು ಯಾರಿಗೂ ಆ ಹಣೆಪಟ್ಟಿ ಹಚ್ಚಬೇಡಿ. ನಿಮ್ಮ ತಂಗಿಯ ಸ್ನೇಹಿತರು ಸಂಭಾವಿತರೇ ಇರಬಹುದು.

ತಂಗಿಯ ಸಿಟ್ಟು ಅರ್ಥವಾಗುವಂಥದ್ದೇ. ಅಪ್ಪನ ಚಿಕಿತ್ಸೆಗೆ ಹಣ ಕೊಟ್ಟವರ ಮೇಲೆ ಸಂಶಯಪಡುವುದು ಕೃತಘ್ನತೆ ಎಂದು ಆಕೆಗೆ ಅನ್ನಿಸುತ್ತದೆ, ನೀವು ಒತ್ತಿ ಹೇಳಿದಷ್ಟೂ ಆಕೆ ಅವರ ಪರ ವಾದಿಸಬೇಕಾಗುತ್ತದೆ. ಆದ್ದರಿಂದ ಮನುಷ್ಯನ ಗುಣದ ಚರ್ಚೆ ಬಿಟ್ಟು, ಅವರು ಹೇಳಿಕೊಂಡಿರುವ ಒಂದೇ ಒಂದು ಸಂಗತಿಯನ್ನು, ಉದಾಹರಣೆಗೆ ಕೆಲಸ ಮಾಡುವ ಕಚೇರಿಯನ್ನು, ಅವರು ಕೊಟ್ಟ ಫೋನ್ ನಂಬರಿನಿಂದಲ್ಲದೆ ನೀವೇ ಹುಡುಕಿದ ದಾರಿಯಲ್ಲಿ ಪರಿಶೀಲಿಸಿ. ಮನೆಗೆ ಊಟಕ್ಕೆ ಕರೆಯಿರಿ, ಅವರ ಮನೆಯವರನ್ನು ಕಾಣಬೇಕೆಂದು ಹಿರಿಯರಿಂದಲೇ ಹೇಳಿಸಿ. ಮುಚ್ಚುಮರೆಯಿಲ್ಲದವರು ಹೆಚ್ಚೆಂದರೆ ಮುಜುಗರಪಟ್ಟು ಒಪ್ಪುತ್ತಾರೆ. ಪ್ರತಿಸಲವೂ ಹೊಸ ನೆಪ ಹೇಳಿ, ಕೇಳಿದ್ದಕ್ಕಾಗಿ ತಂಗಿಯನ್ನೇ ನಿಮ್ಮಿಂದ ದೂರಮಾಡಲು ನೋಡಿದರೆ ಎಚ್ಚರ ವಹಿಸಬೇಕು. ಈವರೆಗೆ ಪಡೆದ ಹಣದ ಲೆಕ್ಕ ಬರೆದಿಟ್ಟು ಸ್ವಲ್ಪಸ್ವಲ್ಪವಾಗಿ ಹಿಂದಿರುಗಿಸಲು ಶುರುಮಾಡಿ. ಋಣ ಕಡಿಮೆಯಾದಂತೆ ತಂಗಿಗೆ ಪ್ರಶ್ನೆ ಕೇಳುವ ಧೈರ್ಯ ಬರುತ್ತದೆ. ಆಕೆಯ ಒಡವೆ, ಬ್ಯಾಂಕ್ ಖಾತೆ ಅಥವಾ ಸಹಿ ಮಾಡಿದ ಚೆಕ್ ಅವರ ಕೈಗೆ ಹೋಗಿದ್ದರೆ ಮಾತ್ರ ಕಾಯಬೇಡಿ, ಪೊಲೀಸರನ್ನು ಕಾಣಿರಿ. ಆನ್‌ಲೈನ್‌ನಲ್ಲಿ ಹಣ ಕಳೆದುಕೊಂಡಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕೂಡಲೇ ಕರೆ ಮಾಡಿ.